ಓಟ ಮುಗಿಸಿದ ನಾಯಿಯೂ ಭಾವನ ಹುರುಳಿಯೂ

ಪಕ್ಕದ ಫ್ಲ್ಯಾಟಿನವರು ಇವತ್ತು ಹುರುಳಿ ಬೇಯಿಸುತ್ತಿದ್ದಾರೆ. ಕೊಲ್ಲಿ ದೇಶದ ಅಲ್ ಅಜೈಬಾದ ಈ ಕಟ್ಟಡದಲ್ಲಿ ಯಾರ ಕುಕ್ಕರಿನ ಗುಟ್ಟೂ ಉಳಿಯುವುದಿಲ್ಲ ಬಿಡಿ. ಹುರುಳಿಯ ವಾಸನೆಗೆ ನಿಮಗೆ ಸಾರು ನೆನಪಾದೀತು. ನನಗೆ ನೆನಪಾಗುವುದು ಸಹಮ್‌ನ ಹೊಟ್ಟೆ ಕೆಟ್ಟ ವಾರ.

ಸಹಮ್ ನಮ್ಮ ನಾಯಿ. ರೇಸ್ ಓಡುತ್ತಿದ್ದ ಗ್ರೇಹೌಂಡ್. ಹಿಂಗಾಲಿನ ಗಂಟು ಮುರಿದ ಮೇಲೆ ಯಜಮಾನನಿಗೆ ಬೇಡವಾಗಿ, ನನ್ನ ಮಗಳ ಹಟಕ್ಕೆ ಇಲ್ಲಿಗೆ ಬಂದ. “ನಿಧಾನದ ನಡಿಗೆ ಮಾತ್ರ. ಇನ್ನೊಮ್ಮೆ ಮುರಿದರೆ ಕಾಲನ್ನೇ ತೆಗೆಯಬೇಕಾದೀತು,” ಎಂದಿದ್ದರು ಡಾಕ್ಟರು. ಚಿಂತೆಗೆ ಕಾರಣ ಹುಡುಕಿಕೊಂಡು ಹೋಗುವವ ನಾನು. ಕಾರಣವೇ ಮೂರೂವರೆ ಕಾಲಿನಲ್ಲಿ ಮನೆಗೆ ಬಂದಿತ್ತು.

ಗೂಡಿನಲ್ಲೇ ಬೆಳೆದವನಿಗೆ ಮೆಟ್ಟಿಲು ಗೊತ್ತಿರಲಿಲ್ಲ, ಗಾಜಿನ ಬಾಗಿಲು ಗೊತ್ತಿರಲಿಲ್ಲ. ಮೈಯಲ್ಲಿ ಕೊಬ್ಬಿಲ್ಲ, ಟೈಲ್ಸ್ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಹಾಗಾಗಿ ನನ್ನ ಹಾಸಿಗೆಗಿಂತ ಅವನದ್ದು ದಪ್ಪ. ಬೇಸಿಗೆಯಲ್ಲಿ ಸೂರ್ಯ ಏಳುವ ಮೊದಲೇ ವಾಕಿಂಗ್ ಮುಗಿಯಬೇಕು, ಇಲ್ಲವಾದರೆ ಪಾದ ಸುಡುತ್ತದೆ. ನಿದ್ದೆ ಮಾಡುವುದೋ, ಕಣ್ಣು ಬಿಟ್ಟುಕೊಂಡು. ಮೊದಲ ದಿನ ಸತ್ತೇ ಹೋದ ಎಂದು ಮೂಗಿನ ಬಳಿ ಕೈ ಹಿಡಿದೆ. “ಪಪ್ಪಾ, ಹಿ ಈಸ್ ಜಸ್ಟ್ ಸ್ಲೀಪಿಂಗ್,” ಎಂದಳು ಮಗಳು, ನನ್ನನ್ನೇ ಡಾಕ್ಟರಿಗೆ ತೋರಿಸಬೇಕೆಂಬ ಧಾಟಿಯಲ್ಲಿ.

ಆಗ ಬಂದರು ಭಾವ. ನನ್ನ ಹೆಂಡತಿಯ ಅಣ್ಣ. ಇಲ್ಲೇ ಮತ್ರಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನೋಡಿಕೊಳ್ಳುವವರು, ಪ್ರಾಯದಲ್ಲಿ ಊರಿನ ಕಂಬಳದಲ್ಲಿ ಕೋಣ ಓಡಿಸಿದವರು. ನಾಯಿಯ ಪಕ್ಕೆಲುಬು ನೋಡಿ ಸಿಟ್ಟಾದರು.

“ಎಂಥ ಮಾರಾಯ, ಇದಕ್ಕೆ ಅನ್ನ ಹಾಕುವುದಿಲ್ವಾ ನೀವು?”

“ಈ ಜಾತಿಯೇ ಹಾಗಂತೆ ಭಾವ. ಪಕ್ಕೆಲುಬು ಸ್ವಲ್ಪ ಕಾಣಬೇಕಂತೆ.”

“ಓಡುವ ಪ್ರಾಣಿಯ ವಿಷಯ ನನಗೆ ಹೇಳ್ಬೇಡ.”

ಮುಂದಿನ ಶುಕ್ರವಾರ ಬೇಯಿಸಿದ ಹುರುಳಿಯ ಡಬ್ಬ ಬಂತು, ಎಣ್ಣೆಯ ಬಾಟಲಿ ಬಂತು. ಕೋಣಕ್ಕೆ ಮಾಡುವ ಉಪಚಾರವೆಲ್ಲ ನಾಯಿಗೆ. ಎಣ್ಣೆ ತಿಕ್ಕುವಾಗ ಸಹಮ್ ಭಾವನ ತೊಡೆಗೆ ಮೈಯೊರಗಿಸಿ ನಿಂತ. ಹುರುಳಿಯನ್ನೂ ತಿಂದ. ಮುಂದಿನದ್ದು ಬಾಲ್ಕನಿ ತೊಳೆದ ನನಗೆ ಗೊತ್ತು.

ಹುರುಳಿ ನಿಂತರೂ ಭಾವನ ಆಸೆ ನಿಲ್ಲಲಿಲ್ಲ. “ಒಮ್ಮೆ ಓಡಿಸಿ ನೋಡುವ.”

“ಯಾಕೆ ಭಾವ? ಕಾಲು ಹೋದರೆ?”

ಅವರು ಬೆನ್ನು ತಿಕ್ಕುತ್ತಲೇ ಹೇಳಿದರು: “ನಮ್ಮ ಮನೆಯ ಕೋಣದ ಜೋಡಿ ಓಟ ನಿಲ್ಲಿಸಿದ ವರ್ಷವೇ ಅಪ್ಪ ಮಾರಿಬಿಟ್ಟರು. ಓಡದ ಪ್ರಾಣಿಯನ್ನು ನೀವು ಎಷ್ಟು ದಿನ ಇಟ್ಟುಕೊಳ್ತೀರಿ? ಬಾಡಿಗೆ ಮನೆ, ವೀಸಾ, ಮಗಳ ಕಾಲೇಜು…”

ನನ್ನ ಚಿಂತೆಗಳಲ್ಲಿ ಇದೊಂದು ಇರಲಿಲ್ಲ. ಭಾವ ಸೇರಿಸಿಕೊಟ್ಟರು.

ಚಳಿಗಾಲದ ಒಂದು ಬೆಳಿಗ್ಗೆ ಬೀಚಿನಲ್ಲಿ ಹಗ್ಗ ಅವರ ಕೈಯಲ್ಲಿತ್ತು. ರಸ್ತೆಯ ಬದಿಯಲ್ಲಿ ಬೆಕ್ಕೊಂದು ಹಾದದ್ದೇ ಸಹಮ್ ಚಿಮ್ಮಿದ. ಕಾರುಗಳು ಓಡುವ ರಸ್ತೆಯತ್ತ ನಾಯಿ, ಅದರ ಹಿಂದೆ ಭಾವನ ಹೊಟ್ಟೆ, ಅದರ ಹಿಂದೆ ಭಾವ. ನಾನು ಕೂಗಿದೆ, ನನ್ನಿಂದಾದದ್ದು ಅಷ್ಟೇ. ಭಾವ ಎಡವಿ ಬಿದ್ದರು. ಬಿದ್ದರೂ ಹಗ್ಗ ಬಿಡಲಿಲ್ಲ. ಕೋಣದ ಹಿಂದೆ ಓಡಿದ ಕೈ ಅದು. ಅಷ್ಟು ಭಾರ ಎಳೆಯಲಾಗದೆ ರಸ್ತೆಯ ಅಂಚಿನಲ್ಲಿ ಸಹಮ್ ನಿಂತ.

“ಖಲಾಸ್,” ಎಂದರು ಭಾವ, ಬಾಯಿಂದ ಮರಳು ಉಗುಳುತ್ತಾ. ಸುಲಿದ ತಮ್ಮ ಮೊಣಕೈ ಬಿಟ್ಟು ಮೊದಲು ನಾಯಿಯ ಕಾಲಿನ ಗಂಟನ್ನು ಒತ್ತಿ ನೋಡಿದರು. ಊತವಿಲ್ಲ. ನಡೆಸಿ ನೋಡಿದರು. ಹೊಸ ಕುಂಟಿಲ್ಲ. “ಇವ ಓಡುವುದು ಬೇಡ ಮಾರಾಯ. ಇವನ ಓಟ ನೋಡುವ ಶಕ್ತಿ ನನಗಿಲ್ಲ.”

“ಹಾಗಾದರೆ ಮಾರಿಬಿಡುವ?” ಎಂದೆ, ಕೆಣಕಲೆಂದೇ.

“ಮೊದಲು ನಿನ್ನನ್ನು ಮಾರ್ತೇನೆ.”

ಈಗ ಸಹಮ್‌ನ ಮೂತಿ ಬೆಳ್ಳಗಾಗಿದೆ. ಹಲ್ಲು ಕೆಲವು ಹೋಗಿವೆ, ಊಟ ನೆನೆಸಿ ಕೊಡಬೇಕು. ಭಾವ ಶುಕ್ರವಾರ ತಪ್ಪಿಸುವುದಿಲ್ಲ. ಎಣ್ಣೆ ತಿಕ್ಕಿ, ಮೆಲ್ಲಗೆ ನಡೆಸಿಕೊಂಡು ಹೋಗುತ್ತಾರೆ. ಇಷ್ಟು ಕಾಲವೂ ನಾನು ಬೆಕ್ಕು ಬಂದೀತೋ ಎಂದು ನೋಡಲು ಅವರ ಹಿಂದೆಯೇ ಹೋಗುತ್ತಿದ್ದೆ. ಇವತ್ತು ಹೋಗಲಿಲ್ಲ. ಈಗ ಬೆಕ್ಕು ಬಂದರೂ ಓಡುವವರು ಯಾರು? ಕಿಟಕಿಯಿಂದ ನೋಡಿದೆ, ಅಷ್ಟಾದರೂ ಬೇಡವೇ? ಪಾರ್ಕಿಂಗಿನ ನೆರಳಿನಲ್ಲಿ ಇಬ್ಬರೂ ನಿಂತಿದ್ದರು. ದಣಿದವನು ಯಾರು, ಕಾಯುತ್ತಿದ್ದವನು ಯಾರು, ಮೇಲಿನಿಂದ ಹೇಳುವುದು ಕಷ್ಟ. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.