ಬಾಡಿಗೆ ಮನೆಯ ಮುಂದೆ ತಮಟೆ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಕೊಡಿಗೇಹಳ್ಳಿ ಬೀದಿಯಲ್ಲಿ ತಮಟೆ ಸದ್ದು. ಯಾರಾದರೂ ಹೋಗಿಬಿಟ್ಟರೇ ಎಂದು ಗಾಬರಿಯಲ್ಲಿ ಹೊರಗೆ ಬಂದೆ. (ನಮ್ಮಲ್ಲಿ ತಮಟೆ ಎಂದರೆ ದೇವರು, ಇಲ್ಲವೇ ಸಾವು.) ಎರಡೂ ಅಲ್ಲ. ಆಸ್ತಿ ತೆರಿಗೆ ವಸೂಲಿಗೆ ಬಂದವರು ಪಕ್ಕದ ಮನೆ ಬಾಗಿಲಲ್ಲಿ ನಿಂತು ಬಾರಿಸುತ್ತಿದ್ದರು. ಬಾಕಿದಾರರ ಮರ್ಯಾದೆ ಬೀದಿಗೆ ಬಂದರೆ ದುಡ್ಡು ತಾನಾಗಿ ಬರುತ್ತದಂತೆ.

ಸರಿ, ಯಾರ ಮರ್ಯಾದೆ?

ಆ ಮನೆಯಲ್ಲಿರುವುದು ಶಾಹಿದಾ ಆಪಾ. ಬ್ಲೌಸ್ ಹೊಲಿದು ಮಗಳನ್ನು ಬಿ.ಕಾಂ. ಓದಿಸಿದವರು. ಬಾಡಿಗೆಗಿದ್ದಾರೆ. ತೆರಿಗೆ ಕಟ್ಟದ ಮಾಲೀಕರು ಇರುವುದು ಸಹಕಾರನಗರದ ಬಂಗಲೆಯಲ್ಲಿ. ತಮಟೆ ಅಲ್ಲಿಗೆ ಹೋಗಲಿಲ್ಲ. ಬಾಕಿ ಈ ಮನೆಯ ಮೇಲಿದೆ, ಹಾಗಾಗಿ ಬಾರಿಸುವುದೂ ಇಲ್ಲೇ. ಅದು ರೂಲು!

ಅದೇ ಹೊತ್ತಿಗೆ ಒಳಗೆ ಆಪಾರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು.

"ನಿಲ್ಸಕ್ಕೆ ಹೇಳಿ ಸಾರ್, ನಾವು ಬಾಡ್ಗೆಯವ್ರು," ಎಂದು ಆಪಾ ನನಗೆ ಕೈಮುಗಿದರು. ನಾನು ವಸೂಲಿ ಅಧಿಕಾರಿಯ ಹತ್ತಿರ ಹೋದೆ. "ಮಾಲೀಕರ ಹೆಸ್ರನ್ನಾದ್ರೂ ಕೂಗ್ರೀ, ಯಾರ ಬಾಕಿ ಅಂತ ಗೊತ್ತಾಗ್ಲಿ."

"ಹೆಸ್ರು ಹೇಳಂಗಿಲ್ಲ ಸಾರ್. ದೊಡ್ಡೋರು. ಪ್ರೈವೆಸಿ ಅಂತ ಕೇಸ್ ಹಾಕ್ಬಿಡ್ತಾರೆ."

ಪ್ರೈವೆಸಿ ಬೇಡ ಅನ್ನುವವನು ನಾನಲ್ಲ. ಷಡ್ಡಕ ನನ್ನ ಸಂಬಳ ಕೇಳಿದರೆ ಮೈ ಉರಿಯುತ್ತದೆ. ಸಿರಿವಂತರ ತೆರಿಗೆ ಲೆಕ್ಕ ಬಯಲಿಗಿಟ್ಟರೆ ಕಳ್ಳರಿಗೆ ಅಡ್ರೆಸ್ ಕೊಟ್ಟ ಹಾಗೆ ಎಂದು ಗೆಳೆಯರ ಜೊತೆ ವಾದ ಮಾಡಿದ್ದೂ ಉಂಟು. ಆದರೆ ಬಡವರಿಗೆ ಈ ಭಾಗ್ಯ ಎಲ್ಲಿದೆ ಹೇಳಿ? ರೇಷನ್ ಅಂಗಡಿಯ ಗೋಡೆಯ ಮೇಲೆ ಅವರ ಹೆಸರು. ಸ್ಕೂಲ್ ಫೀಸು ಕಮ್ಮಿ ಮಾಡಿ ಎಂದು ಕೇಳಿದರೆ ಎಲ್ಲರೆದುರು ಆದಾಯದ ವಿಚಾರಣೆ. ಆಗ ಯಾವ ಪ್ರೈವೆಸಿಯೂ ಯಾರಿಗೂ ನೆನಪಾಗುವುದಿಲ್ಲ. ಮುಚ್ಚಿಡುವುದಾದರೆ ಎಲ್ಲರದ್ದೂ ಮುಚ್ಚಿಡಿ. ಇಲ್ಲವಾದರೆ ಮೊದಲು ಆ ಬಂಗಲೆಯವರು ಎಷ್ಟು ಗಳಿಸಿ ಎಷ್ಟು ತೆರಿಗೆ ಕಟ್ಟಿದ್ದಾರೆ ಅಂತ ಊರಿಗೆಲ್ಲ ತೋರಿಸಿ. ನಾನಂತೂ ಈಗ ನನ್ನ ಹಳೇ ವಾದ ಬಿಟ್ಟಿದ್ದೇನೆ.

ಮಾಲೀಕರು ಸೋಮವಾರ ಆನ್‌ಲೈನ್‌ನಲ್ಲಿ ಸದ್ದಿಲ್ಲದೆ ತೆರಿಗೆ ಕಟ್ಟಿದರಂತೆ. ಅವತ್ತೇ ಸಂಜೆ ಗಂಡಿನ ಕಡೆಯವರ ಫೋನ್ ಬಂತು. ಬಾಗಿಲಿಗೆ ತಮಟೆ ಬಂದ ಮನೆಯ ಹೆಣ್ಣು ಬೇಡವಂತೆ. ಆಪಾ ಎಷ್ಟು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. ಆ ಹುಡುಗಿಯ ಮುಖ ನೋಡಲು ನನಗೆ ಸಂಕಟವಾಗುತ್ತದೆ.

ನಿನ್ನೆ ಹೆಂಡತಿಯ ಬ್ಲೌಸ್ ತರಲು ಹೋಗಿದ್ದೆ. ಆಪಾ ಮಷಿನ್‌ನಿಂದ ತಲೆ ಎತ್ತದೆ ಕೇಳಿದರು:

"ಬಾಕಿ ನಮ್ದಲ್ಲ ಅಂತ ಇನ್ನೊಂದ್ಸಲ ಬಂದು ತಮಟೆ ಬಾರಿಸ್ತಾರಾ ಸಾರ್?"