ಶನಿವಾರದ ಪಾಳಿ

ಹುಬ್ಬಿನಿಂದ ಎರಡು ಬೆರಳು ಮೇಲೆ ಅವರ ಹಣೆಗೆ ಅಡ್ಡವಾಗಿ ಒಂದು ಗೆರೆಯಿತ್ತು. ಗೆರೆಯ ಕೆಳಗಿನ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು; ಮೇಲಿನ ಭಾಗ ಕೂಸಿನ ಅಂಗಾಲಿನ ಹಾಗೆ ಬೆಳ್ಳಗೆ. ಇಪ್ಪತ್ತು ವರ್ಷ ರೂಮಿ ಟೋಪಿ ಕೂತ ಜಾಗ ಅದು. ನಿಜಾಮರ ಕಾಲದಲ್ಲಿ ಆ ಕೆಂಪು ಟೋಪಿ ಇಲ್ಲದೆ ಅವರು ಶಾಲೆಯ ಹೊಸ್ತಿಲು ದಾಟಿದವರಲ್ಲ. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ವಾರದಲ್ಲೇ ನಮ್ಮ ಊರು ಔರಾದದ ಟೋಪಿಗಳೆಲ್ಲ ಪೆಟ್ಟಿಗೆ ಸೇರಿದವೋ ಒಲೆ ಸೇರಿದವೋ, ಒಂದೂ ಕಣ್ಣಿಗೆ ಬೀಳದಂತಾಯಿತು. ಶಾಲೆ ಮತ್ತೆ ತೆರೆದ ದಿನ ಮಾಸ್ತರ್ ಸಾಹೇಬರು ಬರಿತಲೆಯಲ್ಲಿ ಬಂದು ನಿಂತರು. ಆ ಹಣೆ ನೋಡಿ ನಾವು ಕಿಸಕ್ಕೆಂದೆವು. ಅವರೂ ನಕ್ಕರು.

"ನಗ್ರಿ ಬೇಟಾ, ನಗ್ರಿ. ಹಳೇ ಸರ್ಕಾರ ಇಲ್ಲಿತನಕ ಇತ್ತು ನೋಡ್ರಿ," ಎಂದು ಗೆರೆಯ ಮೇಲೆ ಬೆರಳಿಟ್ಟು ತೋರಿಸಿದರು.

ಅವರು ಬೀದರಿನವರು. ಹೆಂಡತಿ, ಮಗಳು ಅಲ್ಲೇ ಇದ್ದರು. ಇಲ್ಲಿ ಅವರದು ಒಂಟಿ ಕೋಣೆ. ಅಲ್ಲಿಯವರೆಗೆ ನಮಗೆ ಚರಿತ್ರೆಯನ್ನೂ ಲೆಕ್ಕವನ್ನೂ ಉರ್ದುವಿನಲ್ಲಿ ಕಲಿಸಿದವರು. ಈಗ ಶಾಲೆ ಕನ್ನಡಕ್ಕೆ ಹೊರಳಿತು. ಎರಡು ವರ್ಷದೊಳಗೆ ಕನ್ನಡದ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿ ಇಲ್ಲ ಎಂದು ಅವರಿಗೆ ಹುಕುಂ ಬಂತು. ಮಾತಾಡುವ ಕನ್ನಡ ಹುಟ್ಟಿನಿಂದಲೇ ಬಂದದ್ದು, ಅಕ್ಷರ ಮಾತ್ರ ಒಂದೂ ಬಾರದು. ನಮ್ಮ ಪ್ರಬಂಧಗಳನ್ನು ತಿದ್ದುವುದು ಹೇಗೆ? ಅವರು ಒಂದು ಉಪಾಯ ಹುಡುಕಿದರು, ಅದನ್ನು ಮುಚ್ಚಿಡಲೂ ಇಲ್ಲ.

"ನೀವು ಬರ್ದಿದ್ದು ನನಗ ಓದ್ಲಿಕ್ಕಿ ಬರಲ್ಲ. ಅದಕ್ಕ ಶನಿವಾರಕ್ಕೊಬ್ಬ ಎದ್ದು ನಿಂತು ಹೇಳ್ರಿ. ಊರಾಗ ಏನು ಸರಿ ಇಲ್ಲ, ಅದು. ಆದರ ಒಂದು ಮಾತು ಬೇಟಾ, ಕಂಡಿದ್ದು ಹೇಳ್ರಿ. ಕೇಳಿದ್ದು ಎಲ್ಲಾ ಅಂಗಡ್ಯಾಗೂ ಸಿಗ್ತದ."

ಹೀಗೆ ಶನಿವಾರದ ಪಾಳಿ ಶುರುವಾಯಿತು. ಒಬ್ಬ ಎದ್ದು, ತನ್ನ ಅಕ್ಕನನ್ನು ಒಂಬತ್ತು ವರ್ಷಕ್ಕೆ ಮದುವೆ ಮಾಡಿದರು, ಹನ್ನೊಂದಕ್ಕೆ ಗಂಡ ಸತ್ತ, ಈಗ ಮನೆಯಲ್ಲಿದ್ದಾಳೆ, ಹಬ್ಬದ ದಿನ ಅವಳನ್ನು ಹಿತ್ತಲಿಗೆ ಕಳಿಸುತ್ತಾರೆ ಎಂದ. ಇನ್ನೊಬ್ಬ, ನಿಜಾಮರ ಕಡೆಯ ರಜಾಕಾರರು ಬಂದರೆಂದು ಮನೆಮಂದಿಯೆಲ್ಲ ಎರಡು ದಿನ ಜೋಳದ ಹೊಲದಲ್ಲಿ ಅಡಗಿದ್ದನ್ನು ಹೇಳಿದ. ಮುಂದಿನ ಶನಿವಾರ ಅದೇ ಬೆಂಚಿನ ಮುಸಲ್ಮಾನರ ಹುಡುಗ ಎದ್ದು, "ನಮ್ಮ ಓಣ್ಯಾಗ ಮೂರು ಮನಿಗಿ ಕೀಲಿ ಅದ. ಕೀಲಿ ಹಾಕಿ ಹೋದವರು ತಿರುಗಿ ಬಂದಿಲ್ಲ," ಎಂದು ಅಷ್ಟೇ ಹೇಳಿ ಕೂತ. ಜೋಳದ ಹೊಲದವನು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟದ್ದು ನನಗೆ ನೆನಪಿದೆ. ನನ್ನ ಊರು ನನಗೆ ಗೊತ್ತಾದದ್ದು ಆ ಬೆಂಚುಗಳಿಂದ. ಮಾಸ್ತರ್ ಸಾಹೇಬರು ಶಾಬಾಶ್ ಎನ್ನುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿ ಕೇಳಿ, "ಕೂಡು," ಎನ್ನುತ್ತಿದ್ದರು.

ಶಾಲೆ ಬಿಟ್ಟ ಮೇಲೆ ನಾನು ಅವರ ಗುರು. ಮಠದ ಅಯ್ಯನವರ ಹತ್ತಿರ ಕಲಿತ ಕನ್ನಡ ನನಗಿತ್ತು. ಅವರ ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೂತು ಅಕ್ಷರ ತಿದ್ದಿಸುತ್ತಿದ್ದೆ. ಕಾಗುಣಿತ ಮುಗಿದ ಮೇಲೆ ಅವರೇ ಒಂದು ಪದ್ಧತಿ ಮಾಡಿಕೊಂಡರು. ಶನಿವಾರ ಹುಡುಗರಿಂದ ಕೇಳಿದ್ದನ್ನು ಭಾನುವಾರ ನೆನಪಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಸೋಮವಾರ ನನಗೆ ತೋರಿಸುವುದು. ನಾನು ತಪ್ಪು ತಿದ್ದಿ, ಕೆಳಗೆ 'ಸೋಮವಾರ, ನೋಡಿದೆ' ಎಂದು ದೊಡ್ಡ ಮನುಷ್ಯನ ಹಾಗೆ ಬರೆದು ಸಹಿ ಹಾಕುತ್ತಿದ್ದೆ. ನಲವತ್ತು ದಾಟಿದ ಅವರು ಕೈಕಟ್ಟಿ ಕೂತು, "ಎಷ್ಟು ತಪ್ಪು ಆಯ್ತು ಗುರುಗಳೇ?" ಎಂದು ಕೇಳುತ್ತಿದ್ದರು.

ಇನ್ನು ನನ್ನ ಕಾಕಾನ ಮಾತು ಬರಬೇಕು, ಬಂದರೆ ಬಾಯಿ ಕಹಿಯಾಗುತ್ತದೆ. ಕಾಕಾ ಪೇಟೆಯಲ್ಲಿ ದೊಡ್ಡ ವ್ಯಾಪಾರಿ, ಶಾಲೆಯ ಪಂಚರಲ್ಲಿ ಹಿರಿಯ. ನಮ್ಮ ಮನೆಯ ಪಡಸಾಲೆಯಲ್ಲಿ ಬಸವಣ್ಣನವರ ಪಟ. ಅದಕ್ಕೆ ಕೈಮುಗಿಯದೆ ಕಾಕಾ ತುತ್ತು ಎತ್ತಿದವನಲ್ಲ. ಬೀದರಿನಿಂದ ದೊಡ್ಡ ಸಾಹೇಬರು ಶನಿವಾರ ಶಾಲೆ ನೋಡಲು ಬರುತ್ತಾರೆಂದು ತಿಳಿದಾಗ, ಅಸ್ಪೃಶ್ಯತೆಯ ಮೇಲೆ ಕಾಕಾ ತಾನೇ ಭಾಷಣ ಬರೆದು ನನಗೆ ಬಾಯಿಪಾಠ ಮಾಡಿಸಿದ. ಎಲ್ಲೆಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ನಡುಗಬೇಕು ಎಂಬುದನ್ನೂ ಹೇಳಿಕೊಟ್ಟ.

ನಾನು ಎತ್ತಿದೆ, ನಡುಗಿಸಿದೆ. ಒಂದೇ ತಾಯಿಯ ಮಕ್ಕಳು ಎಂದೆ. ಕಲ್ಯಾಣದ ಮಣ್ಣು ಎಂದೆ. ಚಪ್ಪಾಳೆಯೋ ಚಪ್ಪಾಳೆ. ದೊಡ್ಡ ಸಾಹೇಬರು ತಮ್ಮ ಕೈಯಿಂದಲೇ ನನಗೊಂದು ಇಂಕ್ ಪೆನ್ನು ಕೊಟ್ಟರು.

ಆಗ ಮಾಸ್ತರ್ ಸಾಹೇಬರು ಎದ್ದು, "ಸಾಹೇಬ್ರ, ಇವತ್ತಿನ ಪಾಳಿ ಇನ್ನೊಬ್ಬಂದು ಅದರಿ," ಎಂದು ಬಾಗಿಲ ಹತ್ತಿರ ಕೂಡುವ ಹುಡುಗನನ್ನು ಕರೆದರು. ಊರ ಹೊರಗಿನ ಕೇರಿಯಿಂದ ಬರುತ್ತಿದ್ದವನು ಅವನೊಬ್ಬನೇ; ನನ್ನ ಗೆಳೆಯ ಎಂದುಕೊಂಡಿದ್ದೆ. ಅವನು ಕೈ ಎತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನನಗ ನೀರಡಿಕಿ ಆದ್ರ ಅಂಗಳದಾಗ ಬೊಗಸಿ ಹಿಡಿದು ಕೂಡ್ತೇನಿ. ಈಗ ಭಾಷಣ ಮಾಡಿದಾಂವ ತಂಬಿಗಿಲಿಂದ ನೀರು ಹಾಕ್ತಾನ. ಅಂವ ಕೆಟ್ಟಾಂವ ಅಲ್ಲರಿ. ತಂಬಿಗಿ ನನಗ ಹತ್ತಬಾರದು ಅಂತ ಮೊಳ ಎತ್ತರದಿಂದ ಹಾಕ್ತಾನ. ಅರ್ಧ ನೀರು ಮೊಣಕೈಯಿಂದ ಸೋರಿ ಹೋಗ್ತದ. ಎರಡನೇ ಸಲ ಕೇಳಿದ್ರ ಅವಂಗೂ ಬ್ಯಾಸರ. ಅದಕ್ಕ ನಾ ಮಧ್ಯಾಹ್ನ ರೊಟ್ಟಿಗಿ ಖಾರ ಹಚ್ಕೊಳ್ಳಲ್ಲರಿ. ಖಾರ ತಿಂದ್ರ ನೀರು ಬೇಕಾಗ್ತದ."

ಅವನು ಬರಿ ರೊಟ್ಟಿ ತಿನ್ನುವುದನ್ನು ನಾನು ದಿನಾ ನೋಡಿದ್ದೆ. ಪಾಪ, ಮನೆಯಲ್ಲಿ ಖಾರಕ್ಕೂ ಗತಿ ಇಲ್ಲ ಎಂದುಕೊಂಡಿದ್ದೆ! ನೀರು ಹಾಕುತ್ತಿದ್ದವನು ನಾನೇ, ನನಗೇ ಗೊತ್ತಿರಲಿಲ್ಲ. ಥೂ, ಆ ಪೆನ್ನು ಕೈಯಲ್ಲಿ ಹಲ್ಲಿ ಹಿಡಿದ ಹಾಗಾಯಿತು. ಆದರೂ ಬಿಸಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಸ ಪೆನ್ನು, ಜೇಬಿಗೆ ಸಿಕ್ಕಿಸಿಕೊಂಡೆ.

ಸೋಮವಾರ ಕಟ್ಟೆಯ ಮೇಲೆ ಮಾಸ್ತರ್ ಸಾಹೇಬರು ನೋಟ್‌ಬುಕ್ ತೋರಿಸಿದರು. ಗೆಳೆಯ ಹೇಳಿದ್ದನ್ನೆಲ್ಲ ಬರೆದಿದ್ದರು, ಬೊಗಸೆಯಿಂದ ಖಾರದವರೆಗೆ. ಅದೇ ಹೊಸ ಪೆನ್ನಿನಿಂದ ತಿದ್ದಿ, 'ಸೋಮವಾರ, ನೋಡಿದೆ' ಎಂದು ಬರೆದೆ. ತಲೆ ಎತ್ತಲಾಗಲಿಲ್ಲ.

"ನನ್ನ ಭಾಷಣ ಬರೀಲಿಲ್ಲೇನ್ರಿ?" ಎಂದೆ.

"ಅದು ನಿಮ್ಮ ಕಾಕಾನ ಪಾಳಿ ಬೇಟಾ. ನಿಂದು ಇನ್ನಾ ಬಾಕಿ ಅದ."

ದೊಡ್ಡ ಸಾಹೇಬರ ಎದುರು ಊರಿನ ಮಾನ ಹೋಯಿತೆಂದು ಕಾಕಾ ಪರಿಹಾರ ತಂದ. ಏನು ಪರಿಹಾರ? ನಲ್ಲಿ ಹಚ್ಚಿದ ಒಂದು ಹೊಸ ತಾಮ್ರದ ಹಂಡೆ, ಗೆಳೆಯನೊಬ್ಬನಿಗಾಗಿಯೇ! ನಾವೆಲ್ಲ ಕುಡಿಯುವ ಮಣ್ಣಿನ ರಂಜಣಗಿ ಒಳಗೆ, ಅವನ ಹಂಡೆ ಅಂಗಳದ ಮೂಲೆಗೆ. ಇನ್ನು ಯಾರೂ ಎತ್ತಿ ಹಾಕುವ ಕಷ್ಟವಿಲ್ಲ, ಅವನೂ ಬೊಗಸೆ ಹಿಡಿಯಬೇಕಿಲ್ಲ. ಹಂಡೆಗೆ ಕುಂಕುಮ, ವಿಭೂತಿ. ಕಾಯಿ ಒಡೆದರು, ಪೇಢೆ ಹಂಚಿದರು. ಭಾಷಣ ಮಾಡಿದ ಹುಡುಗನೇ ಹಾರ ಹಾಕಲಿ ಎಂದರು, ನಾನು ಹಾಕಿದೆ. "ಈಗ ಖುಷಿ ಅದೀಯೇನೋ?" ಎಂದು ಕಾಕಾ ಗೆಳೆಯನನ್ನು ಕೇಳಿದ. ಊರಿಗೆ ಊರೇ ತನ್ನ ಬೆನ್ನು ತಾನೇ ತಟ್ಟಿಕೊಂಡಿತು. ಒಬ್ಬರಿಗಾದರೂ ಹೇಸಿಗೆ ಅನ್ನಿಸಬೇಡವೇ? ಒಬ್ಬರಿಗೆ ಅನ್ನಿಸಿತು.

ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಮಾಸ್ತರ್ ಸಾಹೇಬರು ತೋಳು ಮಡಚಿ, ಹಂಡೆಯ ನೀರನ್ನು ಬಕೆಟ್ಟಿಗೆ ಬಿಟ್ಟುಕೊಂಡು, ನಮ್ಮೆಲ್ಲರ ಕಣ್ಣೆದುರೇ ಒಳಗಿನ ರಂಜಣಗಿಗೆ ಸುರಿದರು. ಒಂದು ಗ್ಲಾಸು ತುಂಬಿ ತಾವು ಕುಡಿದು, ಅದೇ ಗ್ಲಾಸನ್ನು ಮತ್ತೆ ತುಂಬಿ ಗೆಳೆಯನ ಕೈಗೆ ಕೊಟ್ಟರು.

"ಎರಡೂ ಒಂದೇ ಬಾಂವಿ ನೀರು. ನೀರಡಿಕಿ ಆದವರು ಕುಡೀರಿ, ಆಗದವರು ಮನಿಗಿ ಹೋಗಿ ಕುಡೀರಿ."

ಅರ್ಧ ಶಾಲೆ ಮನೆಗೇ ಓಡಿತು. ಸಂಜೆಯೊಳಗೆ ಪೇಟೆ ತುಂಬ ಗುಲ್ಲು.

ಎರಡು ದಿನದ ಮೇಲೆ ಹೆಡ್‌ಮಾಸ್ತರರ ಕೋಣೆಯಲ್ಲಿ ಪಂಚರು ಕೂತರು. ಕಾಕಾ ನಡುವೆ. ಗೆಳೆಯನನ್ನೂ ಅವನ ಅಪ್ಪನನ್ನೂ ಬಾಗಿಲ ಹೊರಗೆ ನಿಲ್ಲಿಸಿದ್ದರು. "ರಜಾಕಾರರು ಹೋದ್ರೂ ಹಳೇ ಸರ್ಕಾರದ ಮಂದಿ ನಮ್ಮ ನಮ್ಮಲ್ಲೇ ಜಗಳ ಹಚ್ಲಿಕತ್ತಾರ," ಎಂದು ಕಾಕಾ ಶುರು ಮಾಡಿದ. ರಜಾಕಾರರಿಗೂ ಈ ಮನುಷ್ಯನಿಗೂ ಏನು ಸಂಬಂಧ? ಯಾರೂ ಕೇಳಲಿಲ್ಲ. "ಆ ಮಾತು ಹುಡುಗಂದೇ ಇದ್ರ ಅವನ ಹೆಸರು ಹಾಜರಿಯಿಂದ ತೆಗೀರಿ. ಅಲ್ಲ, ಅವನ ತೆಲ್ಯಾಗ ಬ್ಯಾರೆಯವರು ತುಂಬ್ಯಾರ ಅಂದ್ರ, ತುಂಬಿದವರು ಹೋಗ್ಲಿ."

ನೋಟ್‌ಬುಕ್ ಆ ವಾರ ನನ್ನ ಹತ್ತಿರವೇ ಇತ್ತು. ಮನೆಯಲ್ಲಿ ಕಾಕಾ ತಿರುವಿ ಹಾಕಿ ನೋಡಿದ್ದ, ತೆಗೆದುಕೊಂಡು ಬಾ ಎಂದಿದ್ದ. ಆ ಪುಟ ತೆರೆದು ಹಿಡಿದು ನಿಂತೆ. ಗೆಳೆಯನ ಮಾತು ಅಕ್ಷರ ಅಕ್ಷರ ಅದರಲ್ಲಿತ್ತು.

"ಇದು ಯಾರ ಕೈಬರಹ?" ಕಾಕಾ ಕೇಳಿದ.

"ಮಾಸ್ತರ್ ಸಾಹೇಬರದು," ಎಂದೆ.

ನಿಜವೇ. ಯಾವಾಗ ಬರೆದದ್ದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲೇ ಬರೆದು ಕಲಿಸಿದ್ದಲ್ಲ, ಗೆಳೆಯ ಹೇಳಿದ ಮೇಲೆ ಬರೆದದ್ದು ಎಂದರೆ ಕಾಕಾನ ಎದುರು ನಿಲ್ಲಬೇಕಿತ್ತು. ಧೈರ್ಯ ಸಾಲಲಿಲ್ಲ. ಮಾಸ್ತರ್ ಸಾಹೇಬರು ಹೇಳುತ್ತಾರೆ, ನನ್ನ ಸುಳ್ಳು ಬಯಲಾಗುತ್ತದೆ ಎಂದು ಕಾದೆ. ಅವರು ನನ್ನನ್ನು ನೋಡಿದರು, ಬಾಗಿಲ ಹೊರಗೆ ನೋಡಿದರು.

"ಹೌದ್ರಿ, ಹುಡುಗ ಖರೇ ಹೇಳ್ಯಾನ. ಕೈಬರಹ ನಂದು, ಮಾತೂ ನಂದೇ ಅಂತ ಬರ್ಕೊಳ್ರಿ. ಹೊರಗ ನಿಂತಾನಲ್ಲ, ಅವನ ಹೆಸರು ಮುಟ್ಟಬ್ಯಾಡ್ರಿ."

ಅವರ ನೌಕರಿ ಹೋಯಿತು. ಕನ್ನಡದ ಪರೀಕ್ಷೆಗೆ ಎರಡೇ ತಿಂಗಳಿತ್ತು, ಕೂಡಿಸಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುತ್ತು. ಅವರು ಮೋಟಾರು ಹತ್ತುವಾಗ ನಾನು ಗೋಡೆಯ ಮರೆಯಲ್ಲಿದ್ದೆ. ಹಂಡೆ ಮತ್ತೆ ಅಂಗಳದ ಮೂಲೆಗೆ ಹೋಯಿತು.

ಗೆಳೆಯನ ಹೆಸರು ಹಾಜರಿಯಲ್ಲಿ ಉಳಿಯಿತು. ಓದಿದ, ಭಾಲ್ಕಿಯಲ್ಲಿ ಮಾಸ್ತರನಾದ. ಎಷ್ಟೋ ವರ್ಷದ ಮೇಲೆ ಭಾಲ್ಕಿ ಸ್ಟೇಷನ್ನಿನಲ್ಲಿ ಸಿಕ್ಕ. "ಅವರು ಆ ದಿನ ಹೌದು ಅನ್ನದಿದ್ರ ನಾ ಇವತ್ತಿಗೂ ದನ ಕಾಯ್ತಿದ್ದೆ ನೋಡಪ್ಪ," ಎಂದ. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಕೆಂಪು ಖಾರ ದಪ್ಪಗೆ ಹಚ್ಚಿ ನನ್ನ ಕೈಗೂ ಒಂದು ಕೊಟ್ಟ. ನಾನು ತಿಂದೆ, ನೀರು ಕೇಳಲು ನಾಚಿಕೆಯಾಯಿತು.

ಕಾಕಾ ತೀರಿಕೊಂಡಾಗ ಅವನ ಪೆಟ್ಟಿಗೆಯಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಅದನ್ನು ಚೀಲದಲ್ಲಿಟ್ಟುಕೊಂಡು ಬೀದರಿಗೆ ಹೋದೆ, ಓಣಿ ಓಣಿ ಕೇಳಿ ಮನೆ ಹುಡುಕಿದೆ. ಬಾಗಿಲು ತೆರೆದವರು ಅವರ ಮಗಳು.

"ಅಬ್ಬಾ ಹೋಗಿ ಮೂರು ತಿಂಗಳಾಯ್ತರಿ. ನೌಕರಿ ಹೋದಮ್ಯಾಲೆ ಕಚೇರಿ ಮುಂದ ಕೂತು ಹಳ್ಳಿ ಮಂದಿಗಿ ಅರ್ಜಿ ಬರ್ದು ಕೊಡ್ತಿದ್ರು, ಕನ್ನಡದಾಗ. ನೀವು ಔರಾದದವರಾ? ಹಂಗಾದ್ರ ಅವರಿಗಿ ಅಕ್ಷರ ಕಲಿಸಿದ ಹುಡುಗ ನೀವೇ ಏನ್ರಿ? ಭಾಳ ನೆನಸ್ತಿದ್ರು. ಆ ಹುಡುಗ ಒಂದೂ ಸುಳ್ಳು ಹೇಳಿದಾಂವ ಅಲ್ಲ ಅಂತಿದ್ರು."

ಅವರು ಹಾಗೆ ಯಾಕೆ ಹೇಳಿದರು, ನನ್ನನ್ನು ಕ್ಷಮಿಸಿದರೋ, ಮಗಳ ಎದುರು ನನ್ನ ಮಾನ ಮುಚ್ಚಿದರೋ ಕೇಳಲು ಅವರೇ ಇಲ್ಲ. ಆಕೆ ಕೊಟ್ಟ ನೀರನ್ನು ಕುಡಿದೆ. ನೋಟ್‌ಬುಕ್ ಚೀಲದಿಂದ ಹೊರಗೆ ಬರಲಿಲ್ಲ, ಹಾಗೇ ವಾಪಸ್ಸು ತಂದೆ.

ಆಮೇಲೆ ನಾನೂ ಮಾಸ್ತರನಾಗಿ ನಿವೃತ್ತನಾದೆ. ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಬನ್ನಿ ಎಂದು ಶಾಲೆಯವರು ಕರೆಯುತ್ತಲೇ ಇರುತ್ತಾರೆ. ನಾನು ಹೋಗುವುದಿಲ್ಲ. ಮಕ್ಕಳು ಕೈ ಎತ್ತಿದ ಕೂಡಲೇ ನನಗೆ ನನ್ನ ಮೇಲೇ ಓಕರಿಕೆ ಬರುತ್ತದೆ. ಅದೂ ಅಲ್ಲದೆ, ನನ್ನದೇ ಪಾಳಿ ಮುಗಿದಿಲ್ಲವಲ್ಲ. ಇವತ್ತು ಶನಿವಾರ, ಎದ್ದು ನಿಂತಿದ್ದೇನೆ. ಕೇಳಿದ್ದಲ್ಲ ಮಾಸ್ತರ್ ಸಾಹೇಬರೇ, ಕಂಡದ್ದು ಹೇಳುತ್ತೇನೆ. ಆ ದಿನ ಪಂಚರ ಮುಂದೆ ತೆರೆದು ಹಿಡಿದ ಪುಟದ ಕೆಳಗೆ 'ಸೋಮವಾರ, ನೋಡಿದೆ' ಎಂದು ನನ್ನ ಕೈಯಲ್ಲೇ ಬರೆದಿತ್ತು. ಅದರ ಮೇಲೆ ನಾನು ಹೆಬ್ಬೆರಳು ಇಟ್ಟುಕೊಂಡಿದ್ದೆ.