ರುಕ್ಕಮ್ಮನ ಎಂಜಲು ನೂಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರ ಗಡ್ಡ ಹಿಡಿದೂ ನಂಬಿ ಎಂದು ನಾನು ಕೇಳುವುದಿಲ್ಲ. ಆದರೆ ಆ ರಾತ್ರಿ ನನ್ನ ನಾಲಿಗೆಗೆ ಹತ್ತಿದ ರುಚಿ ಮಾತ್ರ ಸುಳ್ಳಲ್ಲ. ಇವತ್ತಿಗೂ ಅದು ಪೂರ್ತಿ ಹೋಗಿಲ್ಲ.

ನಮ್ಮದು ಕೊಯಮತ್ತೂರು ಕಡೆಯ ಸಿಂಗಾನಲ್ಲೂರಿನ ಹಳೆಯ ನೇಕಾರರ ಮನೆ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ನನಗೆ ಗೊತ್ತಿಲ್ಲ. ನಾನು ಹೇಳಿದ್ದನ್ನು ಬರೆದುಕೊಂಡವಳು ಮೈಸೂರಿನಿಂದ ಮದುವೆಯಾಗಿ ಬಂದ ನನ್ನ ಅತ್ತಿಗೆ. ನಗುನಗುತ್ತ ಬರೆಯುತ್ತಿದ್ದವಳು ನೂಲಿನ ಸಂಗತಿ ಬಂದಾಗ ಪೆನ್ನು ಕೆಳಗಿಟ್ಟು ಬಾಯಿ ಮುಕ್ಕಳಿಸಲು ಎದ್ದುಹೋದಳು. ತಿರುಗಿ ಬಂದು, "ಸರಸ, ಊಟಕ್ಕೆ ಮೊದ್ಲು ಇದನ್ನ ಹೇಳ್ಬಾರ್ದಿತ್ತು ಕಣೆ" ಎಂದಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಲು ಎಂದರೆ ಆಗದವಳು. ಲೋಟಕ್ಕೆ ತುಟಿ ತಾಗಿಸುವುದಿಲ್ಲ, ಎತ್ತಿಯೇ ಕುಡಿಯುತ್ತೇನೆ. ಹೆತ್ತ ಮಗಳು ಕಚ್ಚಿಟ್ಟ ಹಣ್ಣನ್ನೂ ತಿಂದವಳಲ್ಲ. "ಸರಸಳಿಗೆ ಮಡಿ ಹೆಚ್ಚು" ಎಂದು ನೆಂಟರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಚಟ ಇರುತ್ತದೆ. ಮಗ್ಗದಲ್ಲಿ ಎಳೆ ಹರಿದರೆ ಆ ತುದಿಯನ್ನು ತುಟಿಯಲ್ಲಿ ಹಿಡಿದು, ಉಗುಳಿನಲ್ಲಿ ನೆನೆಸಿ, ಹೊಸೆದು ಗಂಟು ಹಾಕುತ್ತೇವೆ. ಒಣ ಎಳೆಯ ಗಂಟು ಜಾರುತ್ತದೆ, ನೆನೆದದ್ದು ಕಚ್ಚಿಕೊಳ್ಳುತ್ತದೆ. "ನೂಲಿಗೆ ಎಂಜಲಿಲ್ಲ ಕಣೇ" ಎನ್ನುತ್ತಿದ್ದಳು ನಮ್ಮಮ್ಮ. ನೂಲು ಕಂಡರೆ ನನ್ನ ಕೈ ತಾನಾಗಿ ಬಾಯಿಗೆ ಹೋಗುತ್ತದೆ.

ಮನೆಯ ಮಗ್ಗ ನಿಂತ ಮೇಲೆ ನಾನು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದೆ. ಅಲ್ಲಿಯ ಹತ್ತಿ ಧೂಳು ಎದೆಗೆ ಇಳಿದು ಉಬ್ಬಸ ಹಿಡಿಯಿತು. ರಾತ್ರಿ ಮಲಗಿದರೆ ಎದೆಯಲ್ಲಿ ಸೀಟಿ. ಆಗ ಸಿಕ್ಕಿದ್ದು ಧಾರಾಪುರಂ ಕಡೆಯ ತೋಟದ ಕೆಲಸ. ಒಂದು ಬೀಜದ ಕಂಪನಿ ಅಲ್ಲಿ ಒಬ್ಬರ ಭೂಮಿಯನ್ನು ಒಪ್ಪಂದಕ್ಕೆ ಹಿಡಿದು, ಬಲೆ ಹೊದಿಸಿದ ಮನೆ ಕಟ್ಟಿ, ಹೊಸ ತಳಿ ಮಾಡುವ ಪ್ರಯೋಗ ನಡೆಸುತ್ತದೆ. ಬೆಳೆಯ ಕಾಲದಲ್ಲಿ ಮಾತ್ರ ನಮ್ಮನ್ನು ಕರೆಯುತ್ತಾರೆ. ಗಾಳಿ ಬೆಳಕು ಇರುವ ಕೆಲಸ. ಉಬ್ಬಸ ಹೇಳಹೆಸರಿಲ್ಲದೆ ಹೋಯಿತು.

ನಾನು ಸೇರಿದ ಆ ಸಲ ಬೆಳೆದದ್ದು ಪಡವಲ. ನೀವು ಪಡವಲಕಾಯಿಯನ್ನು ಪಲ್ಯ ಮಾಡಿ ತಿಂದಿರಬಹುದು, ಬಳ್ಳಿಯ ಚಪ್ಪರದ ಕೆಳಗೆ ದಿನವೆಲ್ಲ ನಿಂತಿರಲಿಕ್ಕಿಲ್ಲ. ಥೂ, ಏನು ನಾತ! ಎಲೆ ಮುಟ್ಟಿದರೆ ಸಾಕು, ತಲೆ ತಿರುಗಿಸುವ ಹಸಿ ವಾಸನೆ ಸೀರೆಗೆ, ಕೂದಲಿಗೆ, ಅನ್ನಕ್ಕೆ ಹತ್ತಿಕೊಳ್ಳುತ್ತದೆ. ಅದನ್ನು ತಡೆಯಲಿಕ್ಕೆಂದೇ ನಾನು ಬಾಯಲ್ಲಿ ಯಾವಾಗಲೂ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವ ಮರಗದಂ, "ಸರಸಕ್ಕ ಬರೋದು ಕಣ್ಣು ಮುಚ್ಚಿದ್ರೂ ಗೊತ್ತಾಗತ್ತೆ, ಲವಂಗ ಮುಂಚೆ ಬರತ್ತೆ" ಎಂದು ಛೇಡಿಸುತ್ತಿದ್ದಳು. ಅವಳು ಧಾರಾಪುರದ ತಮಿಳಿನವಳು. ನಾವಿಬ್ಬರೂ ಆಡುವುದು ತಮಿಳಿನಲ್ಲೇ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಪಡವಲದ ಹೂವು ಅರಳುವುದು ಕತ್ತಲಾದ ಮೇಲೆ. ಹಾಗಾಗಿ ಕೆಲಸವೂ ರಾತ್ರಿಯೇ. ಬೇರೆ ಪರಾಗ ತಾಗದ ಹಾಗೆ ಮಧ್ಯಾಹ್ನವೇ ಮೊಗ್ಗುಗಳಿಗೆ ತೆಳು ಕಾಗದದ ಕವರು ಹಾಕಿಡಬೇಕು. ರಾತ್ರಿ ಅರಳಿದ ಮೇಲೆ ಕವರು ತೆಗೆದು, ಪಕ್ಕದ ಬಲೆಮನೆಯ ಬೇರೆ ತಳಿಯ ಗಂಡು ಹೂವನ್ನು ತಂದು ಹೆಣ್ಣು ಹೂವಿಗೆ ಸವರಿ, ತಿರುಗಿ ಕವರು ಹಾಕಿ, ಅದು ಬೀಳದ ಹಾಗೆ ತೊಟ್ಟಿಗೆ ನೂಲು ಕಟ್ಟಬೇಕು. ಬೆಳಗಾದರೆ ಹೂವು ಮುದುಡುತ್ತದೆ, ಆಟ ಮುಗಿಯಿತು.

ಆ ಸಲ ಆಟ ನಮ್ಮ ಕೈಮೀರಿತ್ತು. ಕಟ್ಟಿದ ಕಾಯೆಲ್ಲ ಬೆರಳುದ್ದವಾಗುವುದರಲ್ಲಿ ಹಳದಿಯಾಗಿ ಕೊಳೆಯುತ್ತಿದ್ದವು. ಕಂಪನಿ ಕೊಟ್ಟ ನೈಲಾನ್ ದಾರ ಕೆಲವು ತೊಟ್ಟನ್ನು ಕೊಯ್ಯುತ್ತಿತ್ತು, ಕೆಲವು ಕಡೆ ಜಾರಿ ಕವರೇ ಬಿದ್ದುಹೋಗುತ್ತಿತ್ತು. ಬಿದ್ದ ಕವರಿನ ಕಾಯಿಗೆ ಅದೆಲ್ಲಿಂದಲೋ ನೊಣ ನುಗ್ಗಿ ಮೊಟ್ಟೆಯಿಡುತ್ತಿತ್ತು. ಮುಟ್ಟಿದರೆ ಕಾಯಿ ಬೆರಳ ನಡುವೆ ಕರಗಿ ಲೋಳೆಯಾಗುತ್ತಿತ್ತು, ಒಳಗೆ ಬಿಳಿ ಹುಳ ಮಿಜಿಮಿಜಿ. ನಾನು ದಿನಕ್ಕೆ ಎಷ್ಟು ಸಲ ಕೈ ತೊಳೆದೆನೋ ಆ ದೇವರಿಗೇ ಗೊತ್ತು.

ಕಾಯಿ ಕಟ್ಟುವ ಬಳ್ಳಿಗಳಲ್ಲಿ ಕಡೆಗೆ ಉಳಿದದ್ದು ಮೂಲೆಯ ಒಂದೇ ಬಳ್ಳಿ. ಪ್ರಯೋಗ ನೋಡಿಕೊಳ್ಳುತ್ತಿದ್ದ ಕವಿತಾ ಮೇಡಂ ಹಾಸನದ ಹುಡುಗಿ. ನನ್ನ ಜೊತೆ ಕನ್ನಡ ಆಡಲು ಸಿಕ್ಕಿತೆಂದು ಅವಳಿಗೆ ಖುಷಿ. ಆ ಸಂಜೆ ಮಾತ್ರ ಅವಳ ಮುಖ ಬಾಡಿತ್ತು.

"ಸರಸಕ್ಕ, ರೋಗ ಹತ್ತದೇ ಇರೋದು ಇದೊಂದೇ ಬಳ್ಳಿ. ಇವತ್ತು ಅರಳೋ ಹೂವೇ ಕೊನೆ. ಇದರಲ್ಲಿ ಕಾಯಿ ನಿಲ್ಲಲಿಲ್ಲ ಅಂದ್ರೆ ಕಂಪನಿಯವರು ಮುಂದಿನ ಬೆಳೆಗೆ ಈ ತೋಟ ಬಿಟ್ಬಿಡ್ತಾರೆ."

"ಬಿಟ್ಟರೆ ನಾವು?"

ಅವಳು ಬಳ್ಳಿಯ ಎಲೆ ಮಗುಚಿ ನೋಡತೊಡಗಿದಳು. ನನಗೆ ಬನಿಯನ್ ಕಂಪನಿಯ ಧೂಳು ಕಣ್ಣ ಮುಂದೆ ಬಂದು ಅಲ್ಲೇ ಉಸಿರು ಕಟ್ಟಿದಂತಾಯಿತು.

ಮೇಡಂ ಧಾರಾಪುರದ ತನ್ನ ರೂಮಿಗೆ ಹೋದಳು. ರಾತ್ರಿ ನಾನು, ಮರಗದಂ ಇಬ್ಬರೂ ತಲೆಗೆ ಟಾರ್ಚು ಕಟ್ಟಿಕೊಂಡು ಬಲೆಮನೆಯೊಳಗೆ ಹೋದೆವು. ಹೊರಗೆ ಆಷಾಢದಲ್ಲಿ, ನಮ್ಮ ಕಡೆಯ ಆಡಿ ತಿಂಗಳಲ್ಲಿ, ಎದ್ದ ಗಾಳಿ ಇನ್ನೂ ಇಳಿದಿರಲಿಲ್ಲ. ದೂರದಲ್ಲಿ ಗಾಳಿಯಂತ್ರಗಳ ರೆಕ್ಕೆ ಭೂಂ... ಭೂಂ... ಎನ್ನುತ್ತಿದ್ದವು. ಆ ಬಳ್ಳಿಯ ಹೂವುಗಳು ಕವರಿನೊಳಗೇ ಅರಳಿ ಬೆಳ್ಳಗೆ ಕಾಣುತ್ತಿದ್ದವು.

ಮೊದಲ ಹೂವಿಗೆ ದಾರ ಕಟ್ಟಿದೆ, ಜಾರಿತು. ತಿರುಗಿ ಕಟ್ಟಿದೆ, ತೊಟ್ಟಿಗೆ ಗಾಯವಾಗಿ ರಸ ಒಸರಿತು. "ಈ ಹಾಳು ನೈಲಾನು ತಗೊಂಡು ಬಾವಿಗೆ ಹಾಕ!" ಎಂದು ಎಸೆದೆ. "ಹತ್ತಿ ನೂಲು ಒಂದು ಉಂಡೆ ಸಿಕ್ಕಿದ್ರೆ ಸಾಕಿತ್ತು, ಮರಗದಂ."

ಅವಳು ಶೆಡ್ಡಿನ ಕಡೆ ತಿರುಗಿ ನೋಡಿದಳು. ಆಮೇಲೆ, "ಶೆಡ್ಡಿನ ಅಟ್ಟದ ಮೇಲೆ ಇದೆ. ರುಕ್ಕಮ್ಮ ಬಿಟ್ಟುಹೋದದ್ದು. ಯಾರೂ ಮುಟ್ಟಿಲ್ಲ" ಎಂದಳು.

ರುಕ್ಕಮ್ಮ ನಮ್ಮ ಜನದವಳೇ, ನಮ್ಮ ಹಾಗೆ ಮಗ್ಗ ಬಿಟ್ಟು ಬಂದ ಮುದುಕಿ. ಹಿಂದಿನ ಬೆಳೆಯಲ್ಲಿ ನನ್ನ ಜಾಗದಲ್ಲಿ ಕೆಲಸ ಮಾಡುತ್ತಿದ್ದವಳು. ನಾನು ಅವಳನ್ನು ಒಂದು ಮದುವೆಯಲ್ಲಿ ನೋಡಿದ್ದೆ. ಬಾಯಿ ತುಂಬ ಎಲೆ ಅಡಿಕೆ, ಹೊಗೆಸೊಪ್ಪು. ಮಾತಾಡಿದರೆ ಕೆಂಪು ಜೊಲ್ಲು ಗಲ್ಲಕ್ಕಿಳಿಯುತ್ತಿತ್ತು, ನಾನು ಎದ್ದು ಬೇರೆ ಪಂಕ್ತಿಯಲ್ಲಿ ಕೂತೆ. ಬೆಳೆ ಮುಗಿಯುವ ಮೊದಲೇ ಬಾಯಿಗೆ ಹುಣ್ಣಾಗಿ, ದವಡೆ ಕೊಳೆತು ಸತ್ತಳಂತೆ. ಅಂಥವಳ ನೂಲು!

ಬೇಡ ಎನ್ನಲು ಬಾಯಿ ತೆರೆದೆ. ಹೂವುಗಳನ್ನು ನೋಡಿದೆ. "ತಗೊಂಡ್ ಬಾ" ಎಂದೆ.

ಅವಳು ತಂದ ತಗಡಿನ ಡಬ್ಬಿಯನ್ನು ತೆರೆದರೆ ಹಳೇ ಸುಣ್ಣ, ಹೊಗೆಸೊಪ್ಪಿನ ಕಮಟು ಮೂಗಿಗೆ ಬಡಿಯಿತು. ಒಳಗೆ ಕೆಂಪು ಹತ್ತಿ ನೂಲಿನ ಉಂಡೆ, ಒಣಗಿ ಗರಗರ ಎನ್ನುತ್ತಿತ್ತು. ಒಂದು ಎಳೆ ಹರಿದುಕೊಂಡೆ. ಆಮೇಲೆ... ಹಾಳು ಚಟ. ಯೋಚಿಸುವಷ್ಟರಲ್ಲಿ ತುದಿ ತುಟಿಯ ನಡುವೆ ಹೋಗಿಬಿಟ್ಟಿತ್ತು.

ಥೂ!

ಅದು ಒದ್ದೆಯಾಗಿತ್ತು. ಇಬ್ಬನಿಯ ಒದ್ದೆಯಲ್ಲ, ತಣ್ಣಗಿರಲೂ ಇಲ್ಲ. ಬಾಯಿಂದ ಈಗಷ್ಟೇ ತೆಗೆದ ಹಾಗೆ ಬೆಚ್ಚಗೆ, ಲೋಳೆಲೋಳೆ. ತುಟಿಯಿಂದ ಎಳೆದರೆ ಜೊಲ್ಲು ದಾರದ ಹಾಗೆ ಜೋತುಬಂತು. ನಾಲಿಗೆಯ ಮೇಲೆ ಹೊಗೆಸೊಪ್ಪು, ಸುಣ್ಣ, ಅದರ ಹಿಂದೆಯೇ ಇನ್ನೊಂದು... ಕೀವಿನ ಸಿಹಿ ನಾತ. ಅಲ್ಲೇ ಕಾಲುವೆಯಲ್ಲಿ ಕಕ್ಕಿದೆ. ಬಾಯಿಯ ಲವಂಗವೂ ಅದರ ಜೊತೆ ಹೋಯಿತು.

"ಏನಾಯ್ತಕ್ಕಾ?"

"ನೂಲು... ನೂಲು ನೋಡು. ಯಾರದೋ ಎಂಜಲು!"

ಮರಗದಂ ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. "ಒಣಗಿದೆಯಲ್ಲಕ್ಕಾ. ಧೂಳು ಬರ್ತಿದೆ ನೋಡು."

ನಾನು ಉಂಡೆಯನ್ನು ಕಿತ್ತುಕೊಂಡು ಒಳಗಿನಿಂದ ಇನ್ನೊಂದು ಎಳೆ ಎಳೆದೆ. ಅದೂ ಒದ್ದೆ. ಬೆರಳು ಬೆರಳಿಗೆ ಅಂಟಿಕೊಂಡವು. ಸೀರೆಗೆ ಉಜ್ಜಿದೆ, ಮಣ್ಣಿಗೆ ಉಜ್ಜಿದೆ, ಹೋಗಲಿಲ್ಲ. ಆದರೆ ಅದೇ ಎಳೆಯಲ್ಲಿ ಹಾಕಿದ ಗಂಟು ಮಾತ್ರ ತೊಟ್ಟಿಗೆ ಮೆತ್ತಗೆ ಕಚ್ಚಿ ಕೂತಿತು.

ಆಗಲೇ ಗಾಳಿ ನಿಂತದ್ದು. ದೂರದ ಭೂಂ ಭೂಂ ಕೂಡ ನಿಂತಿತು. ಆ ನಿಶ್ಶಬ್ದದಲ್ಲಿ ಬಳ್ಳಿಯ ಆ ಬದಿಯಿಂದ ಒಂದು ಸದ್ದು ಕೇಳಿತು.

ತ್ಸ್‌ಪ್... ತ್ಸ್‌ಪ್...

ನಿಮಗಾದರೆ ಅದೇನೆಂದು ಗೊತ್ತಾಗುತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದದು. ತುಟಿಯ ನಡುವಿನಿಂದ ನೂಲಿನ ಎಳೆ ಜಾರುವ ಸದ್ದು. ನಮ್ಮಮ್ಮ, ನಮ್ಮಜ್ಜಿ, ನಾನು, ಎಲ್ಲರೂ ಮಾಡಿದ ಸದ್ದು.

"ಮರಗದಂ, ಆ ಕಡೆ ಯಾರಿದ್ದಾರೆ?"

"ನಾವಿಬ್ರೇ ಅಲ್ವಾ..." ಅವಳಿಗೂ ಕೇಳಿಸಿತ್ತು. ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡೇ ಚಪ್ಪರ ಸುತ್ತಿ ಆ ಬದಿಗೆ ಹೋದೆವು. ಅಲ್ಲಿ ಯಾರೂ ಇರಲಿಲ್ಲ. ಆದರೆ ನಾವಿನ್ನೂ ಮುಟ್ಟದ ಹೂವುಗಳಿಗೆ ಆಗಲೇ ಕೆಲಸವಾಗಿತ್ತು. ಕವರು ಬಿಚ್ಚಿ ತಿರುಗಿ ಹಾಕಿದ್ದು ಕಾಣುತ್ತಿತ್ತು. ಸವರಿ ಬಿಸಾಡಿದ ಗಂಡು ಹೂವುಗಳು ಕೆಳಗೆ ಬಿದ್ದಿದ್ದವು. ಪ್ರತಿ ತೊಟ್ಟಿಗೂ ಕೆಂಪು ನೂಲಿನ ನೇಕಾರರ ಗಂಟು. ಟಾರ್ಚು ಹತ್ತಿರ ಹಿಡಿದರೆ ಒಂದೊಂದು ಗಂಟೂ ಒದ್ದೆಯಾಗಿ ಹೊಳೆಯುತ್ತಿತ್ತು, ಒಂದರಿಂದ ಲೋಳೆ ಇಳಿದು ಕವರಿನ ಮೇಲೆ ಕೆಂಪಗೆ ಹರಿದಿತ್ತು.

ನೂಲಿನ ಉಂಡೆ ನನ್ನ ಕೈಯಲ್ಲೇ ಇತ್ತು.

"ಅಯ್ಯೋ ಸಾಮೀ... ಹೋಗಿಬಿಡೋಣ ಬಾಕ್ಕಾ," ಮರಗದಂ ಅಳುತ್ತಿದ್ದಳು.

ಇಡೀ ಬಳ್ಳಿಯಲ್ಲಿ ಇನ್ನು ಒಂದೇ ಒಂದು ಹೂವು ಉಳಿದಿತ್ತು. ಕವರು ತೆಗೆದು ಬಿಟ್ಟಿದ್ದ ಹಾಗೆ, ಪೂರ್ತಿ ಅರಳಿ, ಸರಿಯಾಗಿ ನನ್ನ ಮುಖದ ಎತ್ತರಕ್ಕೆ ಜೋತಿತ್ತು. ಅದರ ಪಕ್ಕದ ತಂತಿಯಿಂದ ಒಂದು ಕೆಂಪು ಎಳೆ ಇಳಿಬಿದ್ದಿತ್ತು. ಇದನ್ನು ನೀನು ಕಟ್ಟು ಎಂದು ಬಿಟ್ಟ ಹಾಗೆ.

ಓಡಿಬಿಡಬೇಕಿತ್ತು. ಆದರೆ ಎಲ್ಲ ಕಟ್ಟಿದ ಮೇಲೆ ಇದೊಂದನ್ನು ಬಿಟ್ಟುಹೋದರೆ ರುಕ್ಕಮ್ಮನಿಗೆ ಸಿಟ್ಟು ಬಂದು ಎಲ್ಲವೂ ಉದುರಿದರೆ? ಉದುರಿದರೆ ನನಗೆ ಅದೇ ಧೂಳು, ಅದೇ ಸೀಟಿ. ಬಾಯಲ್ಲಿ ಬಿಸಿತುಪ್ಪ ಬಿದ್ದ ಹಾಗಾಯಿತು. ಗಂಡು ಹೂವು ಸವರಿದೆ, ಕವರು ಹಾಕಿದೆ. ಆ ಎಳೆ ಹಿಡಿದರೆ ಈ ಸಲ ಒಣಗಿತ್ತು. ಕಟ್ಟಿದೆ, ಜಾರಿತು. ಮತ್ತೆ ಕಟ್ಟಿದೆ, ಜಾರಿತು.

ನನ್ನ ಕಿವಿಯ ಹತ್ತಿರ ಯಾರೋ ಕಾಯುತ್ತಿರುವವರ ಹಾಗೆ ಉಸಿರು ಬಿಟ್ಟರು. ಹೊಗೆಸೊಪ್ಪಿನ ಬಿಸಿ ಉಸಿರು.

ಕಣ್ಣು ಮುಚ್ಚಿಕೊಂಡು ತುದಿಯನ್ನು ಬಾಯಿಗೆ ಇಟ್ಟೆ. ಬಾಯಿಗಿಟ್ಟ ಕೂಡಲೇ ಅದೇ ಲೋಳೆ, ಅದೇ ಕೀವಿನ ರುಚಿ ಬಾಯಿ ತುಂಬಿತು. ನುಂಗಿದೆನೋ ಏನೋ, ನೆನಪಿಲ್ಲ. ನೆನಪಿಲ್ಲದ್ದೇ ಒಳ್ಳೆಯದು. ಗಂಟು ನಿಂತಿತು. ಹೊರಗೆ ಗಾಳಿ ತಿರುಗಿ ಎದ್ದಿತು.

ಬೆಳಗಿನವರೆಗೆ ಉಪ್ಪು ಹಾಕಿ, ಬೇವಿನ ಕಡ್ಡಿ ಹಾಕಿ, ಒಸಡಿನಲ್ಲಿ ರಕ್ತ ಬರುವ ತನಕ ಬಾಯಿ ತಿಕ್ಕಿದೆ. ಹಲವು ದಿನ ಅನ್ನ ಇಳಿಯಲಿಲ್ಲ. ಧಾರಾಪುರದ ಡಾಕ್ಟರು ಬಾಯಿ ತೆರೆಸಿ ನೋಡಿ ಏನೂ ಇಲ್ಲ ಎಂದರು.

ಕಾಯಿ? ಒಂದೂ ಉದುರಲಿಲ್ಲ. ಡೊಂಕಾಗದಿರಲೆಂದು ಕಲ್ಲು ಕಟ್ಟಿ ಇಳಿಬಿಟ್ಟ ಕಾಯೆಲ್ಲ ನೆಟ್ಟಗೆ, ಮಾರುದ್ದ ಬೆಳೆದವು. ಕವಿತಾ ಮೇಡಂ ನನ್ನ ಕೈ ಹಿಡಿದು ಕುಣಿದಳು. "ಏನ್ ಮಾಯ ಮಾಡಿದ್ರಿ ಸರಸಕ್ಕ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ನಕ್ಕು, "ರಾತ್ರಿ ನಿದ್ದೆ ಇಲ್ಲದೆ ಏನೇನೋ ಅನ್ಸತ್ತೆ, ಅರ್ಧ ನೀವೇ ಕಟ್ಟಿ ಮರ್ತಿದ್ದೀರಿ" ಎಂದಳು. ಇರಬಹುದು ಎನ್ನಲು ನನಗೂ ಆಸೆ.

ಹಣ್ಣಾದ ಪಡವಲವನ್ನು ನೀವು ಸೀಳಿ ನೋಡಿದ್ದೀರಾ? ಒಳಗೆ ಬೀಜದ ಸುತ್ತ ಕೆಂಪು ಲೋಳೆ ಇರುತ್ತದೆ, ಎಲೆ ಅಡಿಕೆ ಜಗಿದು ಉಗಿದ ಹಾಗೆ. ಆ ಬೀಜವನ್ನೆಲ್ಲ ಬಕೆಟ್ಟಿನಲ್ಲಿ ಕೈಯಿಂದ ಕಿವುಚಿ ತೊಳೆದವಳು ನಾನೇ. ಪ್ರತಿ ಹಿಡಿಗೂ ಓಕರಿಕೆ ಬರುತ್ತಿತ್ತು.

ತೋಟ ಉಳಿಯಿತು. ಈ ಸಲದ ಬೆಳೆಗೂ ನಮ್ಮನ್ನೇ ಕರೆದರು. ನಾನು ಜಾಣತನ ಮಾಡಿ ಕೊಯಮತ್ತೂರಿನಿಂದ ಹೊಸ ನೂಲು ಕೊಂಡೊಯ್ದೆ, ನೆನೆಸಲು ಒಂದು ಲೋಟ ನೀರು ಇಟ್ಟುಕೊಂಡೆ. ರುಕ್ಕಮ್ಮನ ಡಬ್ಬಿ ಅಟ್ಟದ ಮೇಲೇ ಇತ್ತು. ಆ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಬಾಯಿಯಲ್ಲಿ ಯಥಾಪ್ರಕಾರ ಲವಂಗ.

ಹೂವು ಬಿಟ್ಟ ಮೊದಲ ರಾತ್ರಿ ನಾನು ಈ ಸಾಲಿನಲ್ಲಿ, ಮರಗದಂ ಆ ಸಾಲಿನಲ್ಲಿ. ಅವಳ ನೂಲು ಮುಗಿದಿತ್ತು. ನನಗೆ ಹೇಳಿದರೆ ಬೈಯುತ್ತೇನೆಂದು ಸುಮ್ಮನೆ ಹೋಗಿ ಆ ಡಬ್ಬಿಯನ್ನೇ ಇಳಿಸಿಕೊಂಡಿದ್ದಳು. ನನ್ನನ್ನು ನೋಡಿ ನೋಡಿ ಅವಳೂ ಎಳೆಯನ್ನು ಬಾಯಲ್ಲಿ ನೆನೆಸುವುದನ್ನು ಕಲಿತಿದ್ದಳು.

"ಥೂ! ಥೂ!" ಎಂದು ಉಗಿಯುವ ಸದ್ದು ಕೇಳಿ ಓಡಿದೆ.

ಅವಳು ಸೆರಗಿನಿಂದ ನಾಲಿಗೆ ಉಜ್ಜಿಕೊಳ್ಳುತ್ತಿದ್ದಳು. ಕೈಯಲ್ಲಿ ಕೆಂಪು ಉಂಡೆ.

"ಒದ್ದೆ ಇದೆ ಅಕ್ಕಾ, ನೀನು ಅವತ್ತು ಹೇಳಿದ ಹಾಗೇ..."

"ಹೊಗೆಸೊಪ್ಪಿನ ವಾಸನೆ ತಾನೇ? ಬಿಸಾಡು ಅದನ್ನ!"

ಅವಳು ಟಾರ್ಚಿನ ಬೆಳಕಿನಲ್ಲಿ ನನ್ನ ತುಟಿಯನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು.

"ಹೊಗೆಸೊಪ್ಪಲ್ಲ ಅಕ್ಕಾ... ಲವಂಗ."